ಅಂಗಳದ ಒಂದು ಮೂಲೆ ಹಾಗೆಯೇ ಇರಲಿ

(ಬೆನ್ಸನ್ ಟೌನಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರಿಸರದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡರು. ಅಮೆಜಾನ್ ಕಾಡು, ಓಜೋನ್ ಪದರ, ಕರಗುತ್ತಿರುವ ಹಿಮ ಇವುಗಳ ಬಗ್ಗೆ ಮಾತನಾಡಬಹುದಿತ್ತು. ಆದರೆ ಅವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿವೆ, ಪರೀಕ್ಷೆಗೆಂದು ಓದಿಯೂ ಇದ್ದೀರಿ. ಈ ಸಭಾಂಗಣದ ಹಿಂಬಾಗಿಲು ತೆರೆದರೆ ಕಾಣುವ ಜಾಗದ ಬಗ್ಗೆ ಮಾತನಾಡಲು ನಾನು ಬಯಸುತ್ತೇನೆ. ಸುಮಾರು 60 ಅಡಿ ಉದ್ದ, 20 ಅಡಿ ಅಗಲದ ಜಾಗ. ಅಲ್ಲಿ ಒಂದು ನೇರಳೆ ಮರ, ಗೋಡೆಗೆ ಒರಗಿಕೊಂಡು ಬೆಳೆದ ಒಂದು ಯಲಚಿ ಗಿಡ, ಒಂದಿಷ್ಟು ಹುಲ್ಲು, ಕಳೆ, ಉದುರಿದ ಎಲೆ ಇವೆ. ಈ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿ, ಅಂಚಿನಲ್ಲಿ ಕುಂಡಗಳನ್ನು ಇಡಬೇಕೆಂಬ ಸಲಹೆ ಸಂಘದ ಮುಂದಿದೆ ಎಂದು ತಿಳಿದುಬಂತು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಮಳೆಗಾಲದಲ್ಲಿ ಕೆಸರು, ಹಾವಿನ ಭಯ, ಡೆಂಗ್ಯೂ ಭಯ. ಇವು ಸುಳ್ಳು ಭಯಗಳಲ್ಲ. ಆದರೂ ಟೈಲ್ಸ್ ಹಾಕಿಸಬೇಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇಂದು ಈ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೇನೆ. ಅಧ್ಯಕ್ಷರು ಮನ್ನಿಸಬೇಕು.

ಮೊದಲು ಸ್ವಲ್ಪ ಚರಿತ್ರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಆಮೇಲೆ ಕಂಟೋನ್ಮೆಂಟಿನ ಸುತ್ತ ಹೊಸ ಬಡಾವಣೆಗಳು ಎದ್ದವು. ನಮ್ಮ ಪಕ್ಕದ ಫ್ರೇಜರ್ ಟೌನ್ ಅದಕ್ಕೆ ದೊಡ್ಡ ಉದಾಹರಣೆ. ಅದನ್ನು ರೂಪಿಸಿದ ಇಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರು ಪ್ಲೇಗ್ ತಟ್ಟದ ಊರನ್ನು ಹೇಗೆ ಕಟ್ಟಬೇಕೆಂಬುದರ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಲಿ ನುಗ್ಗದ ಗೋಡೆ, ಮನೆಯ ಸುತ್ತ ಬಯಲು, ಗಾಳಿ, ಬೆಳಕು. ಈ ಭಾಗದ ಹಳೆಯ ಬಂಗಲೆಗಳ ಸುತ್ತ ದೊಡ್ಡ ಕಾಂಪೌಂಡ್ ಇರುತ್ತಿದ್ದುದನ್ನು ಹಿರಿಯರು ಬಲ್ಲಿರಿ. ಮಾವು, ಹಲಸು, ಸೀಬೆ, ನುಗ್ಗೆ, ಕರಿಬೇವು, ಬೇಲಿಗೆ ಮೆಹೆಂದಿ. ಅಂದರೆ ರೋಗದ ಭಯದಿಂದ ಮನುಷ್ಯ ಮನೆಯ ಸುತ್ತ ಮಣ್ಣನ್ನು ಉಳಿಸಿಕೊಂಡ. ಇಂದು ಅದೇ ರೋಗದ ಭಯವನ್ನು ಹೇಳಿ ಆ ಮಣ್ಣನ್ನು ಮುಚ್ಚುತ್ತಿದ್ದೇವೆ. ನೂರು ವರ್ಷದಲ್ಲಿ ನಮ್ಮ ಬುದ್ಧಿ ಎಷ್ಟು ತಿರುಗಿದೆ ನೋಡಿ.

ಬಂಗಲೆಗಳು ಒಂದೊಂದಾಗಿ ಹೋದವು, ಅಪಾರ್ಟ್‌ಮೆಂಟುಗಳು ಬಂದವು. ಅದನ್ನು ದೂರಿ ಪ್ರಯೋಜನವಿಲ್ಲ, ನಮ್ಮ ಮಕ್ಕಳಿಗೂ ಮನೆ ಬೇಕು. ಆದರೆ ಕಟ್ಟಿ ಉಳಿದ ನಾಲ್ಕಡಿ ಜಾಗಕ್ಕೂ ಗ್ರಾನೈಟ್ ಹಾಸಿ, ನಡುವೆ ಒಂದು ಪಾಮ್ ಗಿಡ ನಿಲ್ಲಿಸುತ್ತೇವಲ್ಲ, ಅದಕ್ಕೆ ಜಾಗದ ಕೊರತೆ ಕಾರಣವಲ್ಲ. ಚೊಕ್ಕಟ ಎಂದರೆ ಬೋಳಾಗಿರಬೇಕು ಎಂಬ ಒಂದು ಭಾವನೆ ನಮ್ಮಲ್ಲಿ ಬೇರೂರಿದೆ. ತಹಾರತ್ ನಮಗೆ ಈಮಾನಿನ ಮಾತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಒಣಗಿದ ಎಲೆ ನಜಾಸತ್ ಅಲ್ಲ. ಕಸ ಬೇರೆ, ತರಗೆಲೆ ಬೇರೆ. ಪ್ಲಾಸ್ಟಿಕ್ ಲೋಟ, ಚಿಪ್ಸ್ ಪ್ಯಾಕೆಟ್ಟು, ಊಟದ ಎಂಜಲು ಕಸ. ತರಗೆಲೆ ಮಣ್ಣಿನ ಊಟ. ನಾವು ಎರಡನ್ನೂ ಒಂದೇ ಪೊರಕೆಯಲ್ಲಿ ಗುಡಿಸಿ, ಒಂದೇ ಗುಡ್ಡೆ ಮಾಡಿ, ಕೆಲವೊಮ್ಮೆ ಬೆಂಕಿಯನ್ನೂ ಹಚ್ಚುತ್ತೇವೆ.

ಇದು ನನ್ನ ಅಭಿಪ್ರಾಯ ಮಾತ್ರವೇ ಎಂದು ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಕೇಳಬಹುದು, ಕೇಳಬೇಕು. ನಮ್ಮ ಬೆಂಗಳೂರಿನಲ್ಲೇ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಮನೆಯಂಗಳದ ಕೀಟಗಳ ಬಗ್ಗೆ ಒಂದು ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. 50 ಮನೆಗಳ ತೋಟಗಳನ್ನು ಆರಿಸಿಕೊಂಡು, ರಾತ್ರಿ ದೀಪದ ಬಲೆ ಇಟ್ಟು, ನೆಲದಲ್ಲಿ ಬಟ್ಟಲು ಹೂತು ಕೀಟಗಳನ್ನು ಎಣಿಸಿದರು. ಸಿಕ್ಕಿದ್ದು 2,185 ಕೀಟಗಳು, ಹತ್ತು ಗಣಗಳಿಗೆ ಸೇರಿದವು. ಇರುವೆ, ತಿಗಣೆ ಜಾತಿಯವು, ಜೀರುಂಡೆ, ನೊಣ ಇವೇ ಹೆಚ್ಚು. ಆ ತೋಟಗಳಲ್ಲಿ 25 ಜಾತಿಯ ಮರಗಳಿದ್ದವು, 117 ಜಾತಿಯ ಗಿಡಮೂಲಿಕೆ ಮತ್ತು ಪೊದೆಗಳಿದ್ದವು. ಯಾವ ತೋಟದಲ್ಲಿ ಹೆಚ್ಚು ಜಾತಿಯ ಗಿಡಗಳಿದ್ದವೋ ಅಲ್ಲಿ ಕೀಟಗಳಲ್ಲೂ ಹೆಚ್ಚು ಬಗೆ. ಹುಲ್ಲುಹಾಸಿಗಿಂತ ತೆರೆದ ಮಣ್ಣು ಹೆಚ್ಚಿದ್ದಲ್ಲಿ ಕೀಟಗಳು ಹೆಚ್ಚು. ಗೊಬ್ಬರದ ಗುಂಡಿ ಇದ್ದಲ್ಲಿ ಹೆಚ್ಚು. ಮಾಲಿ ಬಂದು ಬಂದು ಕತ್ತರಿಸಿ ಒಪ್ಪ ಮಾಡುತ್ತಿದ್ದ ತೋಟಗಳಿಗಿಂತ, ಕಡಿಮೆ ಆರೈಕೆಯ ತೋಟಗಳಲ್ಲಿ ಹೆಚ್ಚು. ಕೀಟನಾಶಕ ಹೊಡೆದಲ್ಲಿ ಕಡಿಮೆ. ಒಂದು ಸಂತೋಷದ ವಿಷಯವೆಂದರೆ ಆ ಮನೆಯವರಲ್ಲಿ ಹೆಚ್ಚಿನವರು ಆರೋಗ್ಯದ ದೃಷ್ಟಿಯಿಂದ ಕೀಟನಾಶಕ ಬಳಸುತ್ತಿರಲಿಲ್ಲ.

ಕೀಟ ಹೆಚ್ಚಾದರೆ ನಮಗೇನು ಲಾಭ, ಕಡಿಮೆಯಾದರೆ ಒಳ್ಳೆಯದಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಅದಕ್ಕೆ ಗುಬ್ಬಚ್ಚಿ ಮತ್ತು ಪಾರಿವಾಳದ ಮೂಲಕ ಉತ್ತರ ಹೇಳುತ್ತೇನೆ. ನಮ್ಮ ಮೊಹಲ್ಲಾಗಳಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ರೂಢಿ ಇದೆ. ಸವಾಬಿನ ಕೆಲಸವೆಂದೇ ಹಾಕುತ್ತಾರೆ, ಅವರ ಮನಸ್ಸನ್ನು ನೋಯಿಸಲು ನಾನು ಬಯಸುವುದಿಲ್ಲ. ಆದರೆ ಪಾರಿವಾಳ ಏಕೆ ಇಷ್ಟು ಹೆಚ್ಚಿತು, ಗುಬ್ಬಚ್ಚಿ ಏಕೆ ಕಡಿಮೆಯಾಯಿತು ಎಂದು ಯೋಚಿಸಿದ್ದೀರಾ? ಪಾರಿವಾಳ ತನ್ನ ಮರಿಗೆ ಕೀಟ ತಿನ್ನಿಸುವುದಿಲ್ಲ. ತಾಯಿಯೂ ತಂದೆಯೂ ತಮ್ಮ ಗಂಟಲಿನ ಚೀಲದಲ್ಲಿ ಹಾಲಿನಂಥ ಒಂದು ಪದಾರ್ಥವನ್ನು ಉತ್ಪಾದಿಸಿ ಕುಡಿಸುತ್ತವೆ. ಕಾಳು ಸಿಕ್ಕರೆ ಸಾಕು, ಕಾಂಕ್ರೀಟಿನ ಸಜ್ಜೆಯ ಮೇಲೂ ಅದರ ಸಂಸಾರ ನಡೆಯುತ್ತದೆ. ಗುಬ್ಬಚ್ಚಿ ಹಾಗಲ್ಲ. ದೊಡ್ಡದಾದ ಮೇಲೆ ಕಾಳು ತಿನ್ನುತ್ತದೆ ನಿಜ, ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಹೂವಿನ ಮಕರಂದ ಹೀರುವ ಸೂರಕ್ಕಿ ಕೂಡ ಮರಿಗೆ ತರುವುದು ಸಣ್ಣ ಕೀಟವನ್ನು, ಜೇಡವನ್ನು. ಬುಲ್‌ಬುಲ್, ಮಡಿವಾಳ ಹಕ್ಕಿ, ಎಲೆ ಹೊಲಿಯುವ ಟುವ್ವಿ ಎಲ್ಲದರ ಕತೆಯೂ ಇದೇ. ನೀವು ಒಂದು ಮೂಟೆ ಅಕ್ಕಿ ಚೆಲ್ಲಿದರೂ ಒಂದು ಗುಬ್ಬಚ್ಚಿ ಮರಿ ಬೆಳೆಯುವುದಿಲ್ಲ. ಒಂದು ಪೊದೆ ಬಿಟ್ಟರೆ ಬೆಳೆಯಬಹುದು.

ಒಬ್ಬರು ನೆಟ್ಟ ಗಿಡದಿಂದ ಮನುಷ್ಯ ತಿಂದರೂ, ಹಕ್ಕಿ ತಿಂದರೂ, ಪ್ರಾಣಿ ತಿಂದರೂ ಅದು ನೆಟ್ಟವರ ಪಾಲಿಗೆ ಸದಕಾ ಎಂಬ ಹದೀಸಿನ ಆಶಯ ನಿಮಗೆಲ್ಲ ತಿಳಿದಿರುವುದೇ. ಅದನ್ನು ಕೇಳಿದಾಗ ನಮ್ಮ ಕಣ್ಣಿಗೆ ಬರುವುದು ಹಣ್ಣು ತಿನ್ನುವ ಹಕ್ಕಿ. ಎಲೆ ತಿನ್ನುವ ಹುಳು ನೆನಪಾಗುವುದಿಲ್ಲ. ಹುಳುವೂ ಆ ಲೆಕ್ಕಕ್ಕೆ ಸೇರುತ್ತದೆಯೋ ಎಂಬುದನ್ನು ಆಲಿಮರು ಹೇಳಬೇಕು. ಆದರೆ ಆ ಹುಳುವಿಲ್ಲದೆ ಆ ಹಕ್ಕಿ ಇಲ್ಲ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಹುಳುವಿನ ಮಾತು ಬಂದಿದ್ದರಿಂದ ಕರಿಬೇವಿನ ಗಿಡದ ಬಳಿಗೆ ಹೋಗೋಣ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಕಪ್ಪು ಬಿಳುಪಿನ ಸಣ್ಣ ಹುಳು ಕಂಡರೆ ಉಜ್ಜಿ ಹಾಕಬೇಡಿ. ಹಕ್ಕಿಗಳನ್ನು ಮೋಸಗೊಳಿಸಲು ಅದು ಹಾಕಿಕೊಂಡ ವೇಷ. ಕೆಲವು ದಿನಗಳಲ್ಲಿ ಅದು ಎಲೆಯಷ್ಟೇ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಕೋಶ ಕಟ್ಟಿಕೊಂಡು, ಕಪ್ಪು ರೆಕ್ಕೆಯಲ್ಲಿ ಬಿಳಿ ಚುಕ್ಕೆಯ ಸಾಲಿರುವ ಕಾಮನ್ ಮಾರ್ಮನ್ ಚಿಟ್ಟೆಯಾಗಿ ಹಾರಿಹೋಗುತ್ತದೆ. ನಿಂಬೆ ಗಿಡದ ಮೇಲೂ ಇದೇ ಬಳಗ. ಗಿಡಕ್ಕೇನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾಗಬಹುದು, ಅಷ್ಟೇ.

ಚಿಟ್ಟೆ ಎಂದರೆ ಹೂವು ಎಂದು ತಿಳಿದು ನಾವು ನರ್ಸರಿಯಿಂದ ಬಣ್ಣಬಣ್ಣದ ಹೂಗಿಡ ತರುತ್ತೇವೆ. ಹೂವು ಅದಕ್ಕೆ ಹೋಟೆಲು ಮಾತ್ರ. ಮನೆ ಬೇಕಾದರೆ ಎಲೆ ಬೇಕು, ಅದೂ ಯಾವ ಎಲೆಯಾದರೂ ಆಗದು, ಒಂದೊಂದು ಚಿಟ್ಟೆಗೆ ಒಂದೊಂದು ಬಗೆಯ ಗಿಡ. ಎಕ್ಕದ ಗಿಡವನ್ನು ನಾವು ಪಾಳು ಜಾಗದ ಗುರುತು ಎನ್ನುತ್ತೇವೆ, ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಮೊಟ್ಟೆಯಿಡುವುದು ಅದರ ಮೇಲೆ. ಅಪಾರ್ಟ್‌ಮೆಂಟಿನ ಗೋಡೆಯುದ್ದಕ್ಕೂ ಕಂಬದ ಹಾಗೆ ನಿಲ್ಲಿಸುವ ಅಶೋಕದ ಮರ ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ ಚಿಟ್ಟೆಯ ತವರು. ಕಕ್ಕೆ ಮರ ಹಳದಿ ಚಿಟ್ಟೆಗಳದು, ಹರಳು ಗಿಡ ಕಂದು ಬಣ್ಣದ ಇನ್ನೊಂದರದು.

ಈಗ ನಮ್ಮ ಹಿಂಬದಿಯ ಯಲಚಿ ಗಿಡ. ಉರ್ದುವಿನಲ್ಲಿ ಬೇರ್ ಎಂದರೆ ನಿಮಗೆ ಬೇಗ ತಿಳಿಯುತ್ತದೆ. ಮುಳ್ಳಿನ ಗಿಡ, ನೋಡಲು ಅಂದವಿಲ್ಲ, ಟೈಲ್ಸ್ ಹಾಕುವಾಗ ಮೊದಲು ಹೋಗುವುದು ಅದೇ. ಬಿಳಿ ರೆಕ್ಕೆಯ ಮೇಲೆ ಕಪ್ಪು ಬೊಟ್ಟುಗಳಿರುವ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಕಾಮನ್ ಪಿಯೆರೊ ಎಂಬ ಚಿಟ್ಟೆಯ ಮರಿಗಳು ಅದರ ಎಲೆಯನ್ನು ತಿಂದು ಬೆಳೆಯುತ್ತವೆ. ಹಣ್ಣು ಹಕ್ಕಿಗಳಿಗೆ, ಅಳಿಲಿಗೆ, ಶಾಲೆ ಬಿಟ್ಟ ಮಕ್ಕಳಿಗೆ. ನಮ್ಮಲ್ಲಿ ಮಯ್ಯಿತ್‌ಗೆ ಗುಸ್ಲ್ ಕೊಡುವಾಗ ಬೇರಿಯ ಎಲೆ ಹಾಕಿ ಕಾಯಿಸಿದ ನೀರನ್ನು ಬಳಸುತ್ತೇವೆ. ಮನೆಯಲ್ಲಿ ಸಾವಾದ ದಿನ, ಎಲೆ ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಓಡಿಸುತ್ತೇವೆ. ಈ ಊರಿನಲ್ಲಿ ಯಲಚೇನಹಳ್ಳಿ ಎಂಬ ಹೆಸರಿನ ಜಾಗವೇ ಇದೆ. ಅಷ್ಟು ಸಾಮಾನ್ಯವಾಗಿದ್ದ ಗಿಡವನ್ನು ಹುಡುಕಿಕೊಂಡು ಹೋಗುವ ಸ್ಥಿತಿ ನಮ್ಮದಾಗಿದೆ. ನಮ್ಮ ಕಾಂಪೌಂಡಿನಲ್ಲಿ ಯಾರೂ ನೆಡದೆ ತಾನಾಗಿ ಬೆಳೆದಿರುವ ಒಂದನ್ನು ಕಡಿಯುವ ಮೊದಲು ಸ್ವಲ್ಪ ತಡೆಯಬೇಕು.

ಇದರ ಅರ್ಥ ಅಂದದ ತೋಟ ಬೇಡವೆಂದಲ್ಲ. ತೋಟದ ಹೆಮ್ಮೆ ನಮಗೆ ಹೊಸದಲ್ಲ. ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದವರು ಹೈದರ್ ಅಲಿ, ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದವರು ಟಿಪ್ಪು ಸುಲ್ತಾನ್. ಆಮೇಲೆ 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕೃಂಬಿಗಲ್ ಅವರು ವರ್ಷದ ಯಾವ ತಿಂಗಳಲ್ಲೂ ಯಾವುದಾದರೂ ಒಂದು ಬೀದಿಯಲ್ಲಿ ಹೂವಿರಬೇಕೆಂದು ಲೆಕ್ಕ ಹಾಕಿ ಮರಗಳನ್ನು ಆರಿಸಿದರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದಾ ದಕ್ಷಿಣ ಅಮೆರಿಕದ್ದು, ಆದರೂ ಅವಿಲ್ಲದ ಬೆಂಗಳೂರನ್ನು ಊಹಿಸಲಾಗದು. ನಾನು ಹೊರಗಿನ ಮರದ ವೈರಿಯಲ್ಲ. ಆದರೆ ಹೊಂಗೆ, ಬೇವು, ಅತ್ತಿ, ನೇರಳೆ ಇವು ಇಲ್ಲಿಯ ಕೀಟ, ಹಕ್ಕಿ, ಬಾವಲಿಗಳ ಜೊತೆಗೇ ಬೆಳೆದು ಬಂದವು. ಹೊಂಗೆಯ ಎಲೆಯ ಮೇಲೆ ಬಿಳಿ ಗೀರು, ಗಂಟು ಕಂಡು ಮರಕ್ಕೆ ಕಾಯಿಲೆ ಎನ್ನುತ್ತಾರೆ. ಅದು ಅಡುಗೆ ಮನೆ ನಡೆಯುತ್ತಿದೆ ಎಂಬುದರ ಗುರುತು. ಒಂದು ಹುಳುವೂ ಮುಟ್ಟದ ಗಿಡವನ್ನು ಕಂಡರೆ ನನಗೆ ಸಂಶಯ ಬರುತ್ತದೆ. ಯಂತ್ರದಿಂದ ಪೆಟ್ಟಿಗೆಯಂತೆ ಕತ್ತರಿಸಿದ ಡುರಾಂಟಾ ಬೇಲಿ ಹೂವನ್ನೇ ಬಿಡುವುದಿಲ್ಲ. ಅದರ ಬದಲು ಮೆಹೆಂದಿಯ ಬೇಲಿ ಹಾಕಿ, ಒಂದು ಪಕ್ಕವನ್ನು ಕತ್ತರಿಸದೆ ಬಿಡಿ. ಹೂ ಬಿಟ್ಟಾಗ ಸಂಜೆ ಆ ಕಡೆ ಹೋದವರಿಗೆ ವಾಸನೆಯೇ ಹೇಳುತ್ತದೆ.

ಇನ್ನು ಭಯಗಳು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಡ್ರಮ್ಮು, ಟೈರು, ಕೂಲರ್, ಬಿಸಾಡಿದ ಲೋಟ, ಕುಂಡದ ಕೆಳಗಿನ ತಟ್ಟೆ ಇಂಥ ಕಡೆ ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಮಳೆ ಬಿದ್ದ ಮಣ್ಣು ನೀರನ್ನು ಕುಡಿಯುತ್ತದೆ, ನಿಲ್ಲಿಸಿಕೊಳ್ಳುವುದಿಲ್ಲ. ಹಾಗಾಗಿ ಟೈಲ್ಸ್ ಹಾಕಿ ಕುಂಡವಿಟ್ಟು ತಟ್ಟೆ ಇಡುವ ಯೋಜನೆಯೇ ಸೊಳ್ಳೆಗೆ ಹೆಚ್ಚು ಅನುಕೂಲ ಎಂದು ನನ್ನ ವಾದ. ಹಕ್ಕಿಗೆ ನೀರಿಡುವವರು ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ, ಮತ್ತೆ ತುಂಬಿಸಿ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಎಂಜಲಿಗಾಗಿ. ಇಲ್ಲಿ ಕಾಣುವ ಹಾವುಗಳಲ್ಲಿ ಕೇರೆ ಇದೆ, ಅದಕ್ಕೆ ವಿಷವಿಲ್ಲ. ನಾಗರವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ತರಗತಿಯ ಗೋಡೆಯಿಂದ ನಾಲ್ಕಡಿ ಜಾಗವನ್ನು ಗುಡಿಸಿ ತೆರವಾಗಿಡಿ, ಇಟ್ಟಿಗೆ ಕಲ್ಲುಗಳ ರಾಶಿ ಹಾಕಬೇಡಿ, ಕ್ಯಾಂಟೀನಿನ ಎಂಜಲು ಆ ಕಡೆ ಹೋಗದಂತೆ ನೋಡಿಕೊಳ್ಳಿ, ಚಿಕ್ಕ ಮಕ್ಕಳನ್ನು ದೊಡ್ಡವರಿಲ್ಲದೆ ಒಳಗೆ ಬಿಡಬೇಡಿ. ಹೆಜ್ಜೇನು ಗೂಡು ಕಟ್ಟಿದರೆ ಹೊಗೆ ಹಾಕಿಸಲು ಓಡಬೇಡಿ. ಯಾರೂ ಕೆಣಕದಿದ್ದರೆ, ಹೂವಿನ ಕಾಲ ಮುಗಿದ ಮೇಲೆ ತಾನೇ ಎದ್ದು ಹೋಗುತ್ತದೆ.

ವಿದೇಶದ ಮಾತನ್ನೂ ಒಂದಿಷ್ಟು ಹೇಳಬೇಕು. ಇಂಗ್ಲೆಂಡಿನಲ್ಲಿ ಪ್ಲಾಂಟ್‌ಲೈಫ್ ಎಂಬ ಸಂಸ್ಥೆ 2019ರಿಂದ ಮೇ ತಿಂಗಳಲ್ಲಿ ಹುಲ್ಲುಹಾಸನ್ನು ಕತ್ತರಿಸದೆ ಬಿಡಿ ಎಂಬ ಅಭಿಯಾನ ನಡೆಸುತ್ತಿದೆ. ಬಿಟ್ಟರೆ ಅಲ್ಲಿಯ ಕಾಡುಹೂಗಳು ಅರಳುತ್ತವೆ, ದುಂಬಿಗಳು ಬರುತ್ತವೆ. ಅದನ್ನು ನಾವು ಇಲ್ಲಿ ಹಾಗೆಯೇ ಅನುಕರಿಸಿದರೆ ಏನು ಬೆಳೆಯುತ್ತದೆ ಗೊತ್ತೆ? ಕಾಂಗ್ರೆಸ್ ಗಿಡ! ಅಂದರೆ ಪಾರ್ಥೇನಿಯಮ್. ಚರ್ಮಕ್ಕೆ ತುರಿಕೆ, ಉಸಿರಿಗೆ ತೊಂದರೆ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ಒಂದು ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಅದು ಇಂದಿಗೂ ಮಳೆಗಾಲದಲ್ಲಿ ತನ್ನ ಕೆಲಸ ಮಾಡುತ್ತಿದೆ, ಆದರೆ ಗಿಡ ಮುಗಿದಿಲ್ಲ. ಆದ್ದರಿಂದ ನಮ್ಮಲ್ಲಿ ಬಿಡುವುದು ಎಂದರೆ ಕೈಬಿಡುವುದಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕೀಳಬೇಕು. ಲಂಟಾನಾ ತಲೆಯೆತ್ತಿದರೆ ತೆಗೆಯಬೇಕು. ಉಳಿದ ಹುಲ್ಲು, ತುಂಬೆ, ಅಣ್ಣೆಸೊಪ್ಪು ಇವನ್ನು ಮಳೆಗಾಲ ಮುಗಿದು ಬೀಜ ಉದುರುವವರೆಗೆ ಬಿಟ್ಟು, ಆಮೇಲೆ ಒಮ್ಮೆ ಕತ್ತರಿಸಿದರೆ ಸಾಕು.

ಮಣ್ಣಿನ ಒಂದು ಮೂಲೆಯನ್ನು ಹುಲ್ಲೂ ಇಲ್ಲದೆ ಹಾಗೇ ಬಿಡಿ. ಜೇನು ಎಂದರೆ ಗೂಡು ಕಟ್ಟುವ ಜೇನು ಮಾತ್ರವಲ್ಲ. ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮರಿ ಮಾಡುವ ಜೇನುಗಳಿವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂದು ಜಾತಿ ಬದನೆ, ಟೊಮೆಟೊ ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಿ ಪರಾಗ ಉದುರಿಸುತ್ತದೆ. ಮಹಡಿಯ ಮೇಲೆ ಬದನೆ ಬೆಳೆಯುವವರು ಕಾಯಿ ಕಟ್ಟಲಿಲ್ಲವೆಂದು ಗೊಬ್ಬರ ಬದಲಿಸುತ್ತಾರೆ. ಅದಕ್ಕೆ ಬಿಲ ತೋಡಲು ಬೀದಿಯಲ್ಲಿ ಎಲ್ಲಾದರೂ ಒಂದು ಗೇಣು ಮಣ್ಣು ಉಳಿದಿದೆಯೇ ಎಂದು ನೋಡುವುದಿಲ್ಲ.

ನೀರಿನ ಲೆಕ್ಕ ಸಂಘದ ಖಜಾಂಚಿಗಳಿಗೆ. ನಮ್ಮ ಊರಿನಲ್ಲಿ ವರ್ಷಕ್ಕೆ ಸುಮಾರು 950ರಿಂದ 1,000 ಮಿ.ಮೀ. ಮಳೆ. ಹಿಂಬದಿಯ 1,200 ಚದರ ಅಡಿಯ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗಿಂತ ಹೆಚ್ಚು. ಟೈಲ್ಸ್ ಹಾಕಿದರೆ ಅದರ ಬಹುಪಾಲು ಚರಂಡಿಗೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಎಷ್ಟು ಕೊಟ್ಟೆವು ಎಂಬುದನ್ನು ನಾನು ನೆನಪಿಸಬೇಕಾಗಿಲ್ಲ. ಇನ್ನೊಂದು ಸಣ್ಣ ಸಲಹೆ. ವುಜೂ ಮಾಡಿದ ನೀರಿನಲ್ಲಿ ಸೋಪಿಲ್ಲ. ಆ ಕೊಳಾಯಿಗಳ ನೀರು ಈಗ ಮೋರಿಗೆ ಹೋಗುತ್ತಿದೆ. ಒಂದು ಪೈಪ್ ಹಾಕಿ ಅದನ್ನು ನೇರಳೆ ಮರದ ಬುಡಕ್ಕೆ ಹರಿಸಿದರೆ, ಬೇಸಿಗೆಯ ನಾಲ್ಕು ತಿಂಗಳು ಬೇರೆ ನೀರು ಹಾಕುವ ಅಗತ್ಯ ಬೀಳದು.

ಇಷ್ಟು ಸಣ್ಣ ಜಾಗದಿಂದ ಏನಾದೀತು ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಕ್ಕಪಕ್ಕದಲ್ಲೇ ಇದೆ. ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾಹ್ ಇದೆ, ಖಬರಸ್ಥಾನವಿದೆ, ರೈಲ್ವೆ ಜಾಗವಿದೆ. 2025ರಲ್ಲಿ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 350ಕ್ಕೂ ಹೆಚ್ಚು ಮರಗಳನ್ನು ತೆಗೆದು ವಾಣಿಜ್ಯ ಕಟ್ಟಡ ಕಟ್ಟುವ ಯೋಜನೆ ಬಂದಾಗ ಈ ಸುತ್ತಿನ ಜನ ವಿರೋಧಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ದೊಡ್ಡ ಜಾಗಗಳ ನಡುವೆ ಚಿಟ್ಟೆ, ಸೂರಕ್ಕಿ, ಅಳಿಲು ಓಡಾಡಬೇಕಾದರೆ ಮಧ್ಯೆ ಮಧ್ಯೆ ತಂಗುದಾಣ ಬೇಕು. ನಮ್ಮ 60 ಅಡಿ ಅಂಥ ಒಂದು ತಂಗುದಾಣ. ನಿಮ್ಮ ಮನೆಯ ಮಹಡಿಯ ಮೇಲಿನ ನಾಲ್ಕು ಕುಂಡ, ಅದರಲ್ಲಿ ಒಂದು ಕರಿಬೇವು, ಒಂದು ನಿಂಬೆ, ಒಂದು ತುಳಸಿ ಅಥವಾ ಕಾಮಕಸ್ತೂರಿ, ಇನ್ನೊಂದು ತಂಗುದಾಣ. ಮರ ಕಡಿಯಲು ಕರ್ನಾಟಕದಲ್ಲಿ 1976ರ ಕಾಯಿದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪೊದೆಗೆ, ಹುಲ್ಲಿಗೆ, ಮಣ್ಣಿಗೆ ಅಂಥ ರಕ್ಷಣೆ ಇಲ್ಲ. ಅದು ನಮ್ಮ ಕೈಯಲ್ಲೇ ಇದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಸಲೀಂ ಅಲಿಯವರ ಹೆಸರು ಕೇಳಿದ್ದೀರಿ. ಅವರು 1939-40ರಲ್ಲಿ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು. ಪಕ್ಷಿವೀಕ್ಷಕರಿಗಾಗಿ ಪತ್ರಿಕೆ ನಡೆಸಿದ ಜಾಫರ್ ಫತೇಹಲ್ಲಿಯವರು ಅನೇಕ ವರ್ಷ ಈ ಬೆಂಗಳೂರಿನಲ್ಲೇ ಇದ್ದವರು. ಅವರ ಮುಖ್ಯ ಸಾಧನ ಒಂದು ನೋಟುಪುಸ್ತಕ. ನೀವೂ ಒಂದನ್ನು ಇಡಿ. ಜೂನ್ ತಿಂಗಳಿನಿಂದ ವಾರಕ್ಕೊಮ್ಮೆ, ಅರ್ಧ ಗಂಟೆ, ಹಿಂಬದಿಯ ಜಾಗದಲ್ಲಿ ಕಂಡ ಹಕ್ಕಿ, ಚಿಟ್ಟೆ, ಹುಳು, ಅರಳಿದ ಹೂವು ಬರೆಯಿರಿ. ಹೆಸರು ಕನ್ನಡದಲ್ಲಿ ಗೊತ್ತಿದ್ದರೆ ಕನ್ನಡದಲ್ಲಿ, ಮನೆಯಲ್ಲಿ ದಾದಿಯವರು ಉರ್ದುವಿನಲ್ಲಿ ಏನೆನ್ನುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಚಿತ್ರ ಬಿಡಿಸಿ.

ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೆ. ಟೈಲ್ಸ್ ವಿಷಯವನ್ನು ಒಂದು ವರ್ಷ ಮುಂದೂಡಿ. ನಡೆದಾಡಲು ಮೂರಡಿ ಅಗಲದ ದಾರಿಗೆ ಬೇಕಾದರೆ ಕಲ್ಲುಚಪ್ಪಡಿ ಹಾಕಿಸಿ, ಸಂದಿಯಲ್ಲಿ ಮಣ್ಣಿರಲಿ. ಕಾಂಗ್ರೆಸ್ ಗಿಡ ಕೀಳುವ ಹೊಣೆಯನ್ನು ಒಂಬತ್ತನೇ ತರಗತಿಗೂ, ಹಕ್ಕಿಯ ನೀರಿನ ತಟ್ಟೆಯ ಹೊಣೆಯನ್ನು ಏಳನೇ ತರಗತಿಗೂ ವಹಿಸಬಹುದು. ವುಜೂ ನೀರಿನ ಪೈಪಿಗೆ ಆಗುವ ಖರ್ಚನ್ನು ನಾನು ಕೊಡುತ್ತೇನೆ. ಮುಂದಿನ ವಾರ್ಷಿಕ ಸಭೆಯಲ್ಲಿ ಮಕ್ಕಳ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು ನೀವೇ ತೀರ್ಮಾನ ಮಾಡಿ. ಪ್ರಶ್ನೆಗಳಿದ್ದರೆ, ಅಧ್ಯಕ್ಷರ ಅನುಮತಿಯಿದ್ದರೆ, ಈಗ ಕೇಳಬಹುದು.